ಆ ಎರಡು ಕಂಬಸಾಲುಗಳನ್ನೇ ಯಾಕೆ ಆರಿಸಿದಿರಿ?

ನಮಸ್ಕಾರ,

ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕಗಳನ್ನು (ಕೆಲವು ನಿರ್ಬಂಧಗಳೊಳಗೇ ಒಂದು ಮೊತ್ತವನ್ನು ಗರಿಷ್ಠ ಅಥವಾ ಕನಿಷ್ಠ ಮಾಡುವ ಲೆಕ್ಕಗಳು) ಮ್ಯಾಟ್ರಿಕ್ಸ್, ಅಂದರೆ ಸಂಖ್ಯೆಗಳ ಕೋಷ್ಟಕ, ಬಳಸಿ ಬಿಡಿಸುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನಿಮ್ಮ ಉದಾಹರಣೆ ತುಂಬಾ ಚೆನ್ನಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ ತೆಗೆದುಬಿಡಿ. ಈ ವಿಷಯಕ್ಕೆ ಬುನಾದಿ ಹಾಕಿದ 1939ರ ಕಾಂಟೊರೊವಿಚ್, 1947ರ ಡಾಂಟ್ಜಿಗ್ ಕಥೆಗೆ ಒಂದು ಸಾಲು ಸಾಕು.

ನಿಮ್ಮ ಲೆಕ್ಕ ಇದು: ಎಕ್ಸ್ + ವೈ ≤ 4, ಎಕ್ಸ್ + 3ವೈ ≤ 6, ಎಕ್ಸ್ ಮತ್ತು ವೈ ಸೊನ್ನೆಗಿಂತ ಕಡಿಮೆ ಆಗಬಾರದು. 3ಎಕ್ಸ್ + 5ವೈ ಎಷ್ಟು ಜಾಸ್ತಿ ಆಗಬಹುದು? ಒಂದೊಂದು ಸ್ಲ್ಯಾಕ್ (ಮಿತಿ ಮುಟ್ಟಲು ಇನ್ನೂ ಉಳಿದಿರುವಷ್ಟು) ಸೇರಿಸಿ ಎರಡನ್ನೂ ಸಮೀಕರಣ ಮಾಡಿದ್ದೀರಿ. ಸರಿ. ಮುಂದಿನ ಸಾಲಲ್ಲೇ ‘ಮ್ಯಾಟ್ರಿಕ್ಸ್‌ನ ಇನ್ವರ್ಸ್ ತೆಗೆದರೆ ಉತ್ತರ ಸಿಗುತ್ತದೆ’ ಎಂದಿದ್ದೀರಿ. ಯಾವ ಮ್ಯಾಟ್ರಿಕ್ಸ್? ಅಲ್ಲಿರುವುದು 2 ಅಡ್ಡಸಾಲು (ರೋ), 4 ಕಂಬಸಾಲು (ಕಾಲಮ್): ಎಕ್ಸ್, ವೈ ಮತ್ತು ಎರಡು ಸ್ಲ್ಯಾಕ್‌ಗಳಿಗೆ ಒಂದೊಂದು. ಚೌಕವಲ್ಲದ ಮ್ಯಾಟ್ರಿಕ್ಸ್‌ಗೆ ಇನ್ವರ್ಸ್ ಇರುವುದಿಲ್ಲ. ನೀವು ಹೇಳದೆಯೇ ಎಕ್ಸ್, ವೈ ಕಂಬಸಾಲುಗಳನ್ನು ಮಾತ್ರ ಎತ್ತಿಕೊಂಡು ಸ್ಲ್ಯಾಕ್‌ಗಳನ್ನು ಸೊನ್ನೆ ಮಾಡಿದ್ದೀರಿ. ವಿಷಯದ ಜೀವಾಳ ಇರೋದೇ ಆ ಆಯ್ಕೆಯಲ್ಲಿ, ಅಲ್ವಾ?

ಅದನ್ನು ಬಿಡಿಸಿ ತೋರಿಸಿ. ನಾಲ್ಕರಲ್ಲಿ ಎರಡನ್ನು ಆರಿಸಿ ಉಳಿದೆರಡನ್ನು ಸೊನ್ನೆ ಮಾಡಲು 6 ದಾರಿ ಇವೆ. ಎಕ್ಸ್ ಮತ್ತು ಮೊದಲ ಸ್ಲ್ಯಾಕ್ ಹಿಡಿದರೆ ಎಕ್ಸ್ 6, ಸ್ಲ್ಯಾಕ್ −2. ಋಣ ಬಂತು, ನಡೆಯುವುದಿಲ್ಲ. ವೈ ಮತ್ತು ಎರಡನೇ ಸ್ಲ್ಯಾಕ್ ಹಿಡಿದರೂ ಹೀಗೇ. ಉಳಿದ 4 ಆಯ್ಕೆಗಳೇ ನಿಮ್ಮ ಚಿತ್ರದಲ್ಲಿ ನಿರ್ಬಂಧಗಳೊಳಗಿನ ಜಾಗದ 4 ಮೂಲೆಗಳು. ಸಿಂಪ್ಲೆಕ್ಸ್ (ಮೂಲೆಯಿಂದ ಮೂಲೆಗೆ ಹೋಗುತ್ತಾ ಉತ್ತರ ಹುಡುಕುವ ಡಾಂಟ್ಜಿಗ್ ವಿಧಾನ) ಒಂದು ಮೂಲೆಯಿಂದ ಪಕ್ಕದ ಮೂಲೆಗೆ ಹೋದಾಗ ಒಂದು ಕಂಬಸಾಲು ಒಳಗೆ ಬರುತ್ತದೆ, ಒಂದು ಹೊರಗೆ ಹೋಗುತ್ತದೆ.

ಎಕ್ಸ್ 3, ವೈ 1, ಗರಿಷ್ಠ 14. ಉತ್ತರ ಸರಿ. ಆದರೆ ಅದೇ ಗರಿಷ್ಠ ಅಂತ ಸುಮ್ನೆ ಹೇಳಿಬಿಟ್ಟಿದ್ದೀರಿ. ಮೊದಲ ನಿರ್ಬಂಧವನ್ನು 2ರಿಂದ ಗುಣಿಸಿ ಎರಡನೆಯದಕ್ಕೆ ಕೂಡಿಸಿ: 3ಎಕ್ಸ್ + 5ವೈ ≤ 14. ಇನ್ನು 14 ದಾಟಲು ದಾರಿಯೇ ಇಲ್ಲ! ನಿರ್ಬಂಧಗಳನ್ನು ಗುಣಿಸಿದ ಆ 2 ಮತ್ತು 1 (ಯು, ವಿ ಅನ್ನೋಣ) ಬರುವುದೂ ಅದೇ ಕಂಬಸಾಲುಗಳಿಂದ. ಎಕ್ಸ್‌ನದು ಯು + ವಿ = 3 ಕೊಡುತ್ತದೆ, ವೈನದು ಯು + 3ವಿ = 5. ಇದನ್ನು ಮೊದಲ ಸಲ ಮಾಡಿ ನೋಡಿದಾಗ ನನಗಾದ ಖುಷಿ ಈಗಲೂ ನೆನಪಿದೆ. ನಿಮ್ಮ ಓದುಗರಿಗೂ ಅದು ಸಿಗಲಿ.

‘ಸಿಂಪ್ಲೆಕ್ಸ್ ಯಾವಾಗಲೂ ವೇಗ’ ಅನ್ನುವ ಮಾತು ತಪ್ಪು. ‘ಸಾಮಾನ್ಯವಾಗಿ’ ಅನ್ನಿ. 1972ರಲ್ಲಿ ಗಣಿತಜ್ಞರಾದ ಕ್ಲೀ ಮತ್ತು ಮಿಂಟಿ ಕೊಟ್ಟ ಉದಾಹರಣೆಯಲ್ಲಿ, ಡಾಂಟ್ಜಿಗ್ ನಿಯಮದಂತೆ (ಪ್ರತಿ ಹೆಜ್ಜೆಯಲ್ಲೂ ಮೊತ್ತವನ್ನು ಅತಿ ವೇಗವಾಗಿ ಏರಿಸುವ ಕಂಬಸಾಲನ್ನೇ ಒಳಗೆ ತರುವುದು) ಹೊರಟರೆ ಅದು ಒಂದು ಮೂಲೆಯನ್ನೂ ಬಿಡದೆ ಸುತ್ತುತ್ತದೆ.

ತಿದ್ದಿ ಮತ್ತೆ ಕಳಿಸಿ. ಆ 6 ಆಯ್ಕೆಗಳ ಲೆಕ್ಕವನ್ನು ಮಾತ್ರ ಸಾಫ್ಟ್‌ವೇರ್‌ಗೆ ಬಿಡದೆ ಕೈಯಲ್ಲೇ ಮಾಡಿ.