ಪಾಸ್‌ಪೋರ್ಟ್ ಬ್ರಿಟನ್ನಿನದು, ನೆಲೆಯ ಹಕ್ಕು ಯಾವುದು?

ನಮಸ್ಕಾರ. ದಕ್ಷಿಣ ಅಟ್ಲಾಂಟಿಕ್ ಸಾಗರದ ಬ್ರಿಟಿಷ್ ದ್ವೀಪ ಸೇಂಟ್ ಹೆಲೆನಾದವರಾದ ನಿಮ್ಮ ಸಹೋದ್ಯೋಗಿಯ ತಂದೆ ಬ್ರಿಟಿಷ್ ಪ್ರಜೆಯಾಗಿದ್ದೂ 1990ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಲಾಗಲಿಲ್ಲವೇಕೆ, ಅದೇ ಸಾಗರದ ಇನ್ನೊಂದು ಬ್ರಿಟಿಷ್ ದ್ವೀಪವಾದ ಅಸೆನ್ಶನ್ನಿನಲ್ಲಿ ದಶಕಗಟ್ಟಲೆ ದುಡಿದರೂ ನಿವೃತ್ತಿಯ ನಂತರ ಅಲ್ಲಿಂದ ಹೊರಡಬೇಕಾಯಿತೇಕೆ ಎಂದು ಕೇಳಿದ್ದೀರಿ. ಇವು ಎರಡು ಬೇರೆ ಬೇರೆ ನಿಯಮಗಳ ಫಲ.

ಮೊದಲನೆಯದು ಪೌರತ್ವದ್ದು. 1673ರ ರಾಜಸನ್ನದು ಸೇಂಟ್ ಹೆಲೆನಾದ ನೆಲಸಿಗರಿಗೂ ಅವರ ಸಂತತಿಗೂ ಇಂಗ್ಲೆಂಡಿನಲ್ಲೇ ಹುಟ್ಟಿದವರಿಗೆ ಸಮನಾದ ಹಕ್ಕುಗಳನ್ನು ಕೊಟ್ಟಿತ್ತು. ಆದರೆ 1962ರಿಂದ ಬಿಗಿಯಾಗುತ್ತ ಬಂದ ವಲಸೆ ಕಾನೂನುಗಳ ಬೆನ್ನಿಗೇ, 1983ರ ಜನವರಿ 1ರಂದು ಜಾರಿಗೆ ಬಂದ ರಾಷ್ಟ್ರೀಯತಾ ಕಾಯ್ದೆಯು ಅವರನ್ನು 'ಅವಲಂಬಿತ ಪ್ರದೇಶಗಳ ಪ್ರಜೆ' ಎಂಬ ಬೇರೆ ವರ್ಗಕ್ಕೆ ಸೇರಿಸಿ, ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕಿಲ್ಲದವರನ್ನಾಗಿ ಮಾಡಿತು. ಅದೇ ವರ್ಷ, ಬ್ರಿಟನ್ನಿನ ಇನ್ನೊಂದು ಅವಲಂಬಿತ ಪ್ರದೇಶವಾದ ಫಾಕ್ಲೆಂಡ್ ದ್ವೀಪದವರಿಗೆ ಪ್ರತ್ಯೇಕ ಕಾಯ್ದೆಯ ಮೂಲಕ ಪೂರ್ಣ ಪೌರತ್ವ ದೊರೆಯಿತು. ಹೊಸ ಕಾಯ್ದೆಯೊಂದರಿಂದ ಅದನ್ನು ಪಡೆಯಲು ಸೇಂಟ್ ಹೆಲೆನಾದವರು 2002ರ ಮೇ 21ರವರೆಗೆ ಕಾಯಬೇಕಾಯಿತು. ಈ ತಾರತಮ್ಯವನ್ನು ನಾನು ಅನ್ಯಾಯವೆಂದೇ ಭಾವಿಸುತ್ತೇನೆ.

ಅಸೆನ್ಶನ್ನಿನ ಕಥೆ ಇನ್ನೂ ಕಠಿಣ. ಸೇಂಟ್ ಹೆಲೆನಾದಿಂದ ಸುಮಾರು 1,300 ಕಿ.ಮೀ. ದೂರದ ಆ ದ್ವೀಪದಲ್ಲಿ ಯಾರಿಗೂ ಶಾಶ್ವತ ವಾಸದ ಹಕ್ಕಿಲ್ಲ. ಉದ್ಯೋಗದ ಕರಾರು ಇರುವಷ್ಟು ದಿನ ಮಾತ್ರ ನೌಕರನೂ ಅವನ ಅವಲಂಬಿತರೂ ಅಲ್ಲಿ ವಾಸಿಸಬಹುದು. ಮಗು ಅಲ್ಲಿಯೇ ಬೆಳೆದು, ಅಲ್ಲಿನ ಶಾಲೆಯಲ್ಲೇ ಓದಿದ್ದರೂ ಅದನ್ನು ತನ್ನ ಊರೆಂದು ಕಾನೂನಿನ ಪ್ರಕಾರ ಹೇಳಿಕೊಳ್ಳುವಂತಿಲ್ಲ. ವಾಸದ ಹಕ್ಕು ನೀಡುವ ವಿಚಾರವನ್ನು ಈ ಶತಮಾನದ ಮೊದಲ ದಶಕದಲ್ಲಿ ಪರಿಶೀಲಿಸಿದ ಬ್ರಿಟಿಷ್ ಸರ್ಕಾರ ಅದನ್ನು ಕೈಬಿಟ್ಟಿತು.

ಆದ್ದರಿಂದ 2002ರ ಕಾಯ್ದೆಯಿಂದ ಪೂರ್ಣ ಪೌರತ್ವ ಪಡೆದಿದ್ದರೆ ನಿಮ್ಮ ಸಹೋದ್ಯೋಗಿ ಇಂದು ಲಂಡನ್ನಿನಲ್ಲಿ ನೆಲೆಸಬಹುದು. ತಂದೆ ದುಡಿದ ದ್ವೀಪದಲ್ಲಿ ನೆಲೆಸಲು ಮಾತ್ರ ಹೊಸ ಕರಾರೇ ಬೇಕು.