ಬೇಸ್‌ಬಾಲ್ ಗೊತ್ತಿಲ್ಲದವರನ್ನೂ ಒಂದು ಪ್ಲೇಆಫ್ (ಲೀಗ್ ಮುಗಿದ ಮೇಲಿನ ನಾಕೌಟ್ ಹಂತ) ಸರಣಿ ಅಷ್ಟೊಂದು ಹೇಗೆ ಸೆಳೆಯುತ್ತದೆ?

2004ರ ಬೋಸ್ಟನ್ ರೆಡ್ ಸಾಕ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್ ಸರಣಿ ನೋಡಿ, ಉತ್ತರ ಅಲ್ಲೇ ಸಿಗುತ್ತದೆ. ಏಳು ಪಂದ್ಯಗಳಲ್ಲಿ ನಾಲ್ಕು ಗೆದ್ದವರು ಮುಂದಕ್ಕೆ. ಬೋಸ್ಟನ್ ಮೊದಲ ಮೂರನ್ನೂ ಸೋತಿತ್ತು, ಮೂರನೆಯದನ್ನಂತೂ 19-8ರಿಂದ.

ನಾಲ್ಕನೇ ಪಂದ್ಯ, ಕೊನೆಯ ಅಂದರೆ ಒಂಬತ್ತನೇ ಇನ್ನಿಂಗ್ಸ್. ಬೋಸ್ಟನ್ ಒಂದು ರನ್ ಹಿಂದೆ. ಚೆಂಡು ಯಾಂಕೀಸ್ ಎಸೆತಗಾರ ಮರಿಯಾನೊ ರಿವೆರಾ ಕೈಯಲ್ಲಿ. ಗೆಲುವನ್ನು ಬಿಟ್ಟುಕೊಡದೆ ಆಟ ಮುಗಿಸುವುದರಲ್ಲಿ ಅವರಷ್ಟು ಗಟ್ಟಿಗರು ಇನ್ನೊಬ್ಬರಿಲ್ಲ. ಆಗ ಮೊದಲ ಬೇಸಿಗೆ (ರನ್ ಗಳಿಸಲು ಒಂದೊಂದಾಗಿ ಮುಟ್ಟಬೇಕಾದ ನೆಲೆಗಳೇ ಬೇಸ್) ಬದಲಿ ಓಟಗಾರನಾಗಿ ಬಂದವರು ಡೇವ್ ರಾಬರ್ಟ್ಸ್. ಅವರು ಎರಡನೇ ಬೇಸ್ ಕದಿಯಲೆಂದೇ, ಅಂದರೆ ಬ್ಯಾಟರ್ ಹೊಡೆತಕ್ಕೆ ಕಾಯದೆ ಅಲ್ಲಿಗೆ ಓಡಿ ಸೇರಲೆಂದೇ ಬಂದಿದ್ದಾರೆ ಅಂತ ಇಡೀ ಮೈದಾನಕ್ಕೆ ಗೊತ್ತು. ರಿವೆರಾ ಮೂರು ಸಲ ಮೊದಲ ಬೇಸಿಗೇ ಚೆಂಡೆಸೆದು ಹೆದರಿಸಿದರು. ಆದರೂ ರಾಬರ್ಟ್ಸ್ ಓಡಿದರು, ಕೂದಲೆಳೆಯಲ್ಲಿ ಮುಟ್ಟಿದರು. ಮುಂದೆ ಬಿಲ್ ಮುಲ್ಲರ್ ಹೊಡೆತಕ್ಕೆ ಸ್ಕೋರ್ ಸಮ, ಆಟ ಹೆಚ್ಚುವರಿ ಇನ್ನಿಂಗ್ಸಿಗೆ. 12ನೇ ಇನ್ನಿಂಗ್ಸಿನಲ್ಲಿ ಡೇವಿಡ್ ಓರ್ಟಿಜ್ ಹೋಮ್ ರನ್ (ಚೆಂಡು ಮೈದಾನದಾಚೆ), ಪಂದ್ಯ ಬೋಸ್ಟನ್ ಪಾಲು! ಈಗ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಫುಟ್‌ಬಾಲ್‌ನಂತೆ ಇಲ್ಲಿ ಸಮಯ ಮುಗಿದು ಆಟ ನಿಲ್ಲುವುದಿಲ್ಲ. ಮುಂದಿರುವ ತಂಡ ಸುಮ್ನೆ ಕಾಲ ತಳ್ಳಿ ಗೆಲ್ಲಲು ಆಗುವುದಿಲ್ಲ, ಕೊನೆಯ ಔಟ್ ಪಡೆಯಲೇಬೇಕು. ಹಾಗಾಗಿ ಒಂದು ಔಟ್ ಉಳಿದಿದ್ದರೂ ಆಸೆ ಉಳಿದಿರುತ್ತದೆ. ಎಸೆತಕ್ಕೂ ಎಸೆತಕ್ಕೂ ನಡುವಿನ ಬಿಡುವಿನಲ್ಲಿ ಎದೆಬಡಿತ ಇನ್ನೂ ಜಾಸ್ತಿ. ಕ್ರಿಕೆಟ್ ನೋಡುವ ನಮಗೆ ಇದು ಹೊಸದಲ್ಲ ಅಲ್ವಾ?

ಬೋಸ್ಟನ್ ಉಳಿದ ಮೂರನ್ನೂ ಗೆದ್ದಿತು. ಆಮೇಲೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್ ಕೂಡ, 1918ರ ನಂತರ ಮೊದಲ ಸಲ.