ಸೆನ್ಸರ್ ಇದ್ದ ಮೇಲೆ ಸುತ್ತಿಗೆ ಏಕೆ?

ಮಾನ್ಯರೇ,

ಸೇತುವೆ ಮತ್ತು ರೈಲುಗಳ ಸೆನ್ಸರ್ ಬಗೆಗಿನ ನಮ್ಮ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಯಂತ್ರವೇ ಹಗಲಿರುಳು ಕಾವಲಿದ್ದರೆ, ಸುತ್ತಿಗೆ ಹಿಡಿದು ತಪಾಸಣೆಗೆ ಬರುವ ಎಂಜಿನಿಯರ್ ಇನ್ನೇಕೆ? ಸೆನ್ಸರ್ ಅಳವಡಿಸುವುದೇ ಆದರೆ ಯಾವಾಗ?

ಎಂಜಿನಿಯರ್ ಬೇಕೇ ಬೇಕು. ನಿನ್ನೆಗೂ ಇಂದಿಗೂ ಏನು ಬದಲಾಗಿದೆ ಎಂಬುದನ್ನು ಸೆನ್ಸರ್ ಹೇಳುತ್ತದೆ, ಕಾರಣವನ್ನಲ್ಲ. ಪ್ರತಿ ಸೇತುವೆಗೂ ತನ್ನದೇ ಆದ ಕಂಪನದ ಲಯವಿರುತ್ತದೆ. ಬಿರುಕು ಬಿಟ್ಟರೆ ಬಿಗಿ ಸಡಿಲಗೊಂಡು ಲಯ ನಿಧಾನವಾಗುತ್ತದೆ. ಲೆಕ್ಕ ಇಷ್ಟು ಸರಳವೇ? ಸ್ವಿಟ್ಜರ್ಲೆಂಡಿನ ಜೆಡ್24 ಸೇತುವೆಯನ್ನು ಕೆಡವುವ ಮುನ್ನ, 1997-98ರಲ್ಲಿ, ಸಂಶೋಧಕರು ಸುಮಾರು ಒಂದು ವರ್ಷ ಅದರ ಕಂಪನವನ್ನು ಅಳೆದರು. ಕೊನೆಗೆ ತಾವೇ ಹಂತಹಂತವಾಗಿ ಹಾನಿ ಮಾಡಿ ನೋಡಿದರು. ಹಾನಿಗೂ ಮುಂಚೆಯೇ ಅಚ್ಚರಿ ಕಾದಿತ್ತು: ಹಿಮಗಟ್ಟುವ ಚಳಿಗೆ ಮೇಲಿನ ಡಾಂಬರು ಗಡುಸಾಗಿ ಲಯವೇ ಏರಿತು. ಹಾನಿಯ ಸುಳಿವನ್ನು ಮುಚ್ಚಿಹಾಕುವಷ್ಟು ದೊಡ್ಡ ಏರಿಕೆ ಅದು. ತಾಪಮಾನವನ್ನೂ ಜೊತೆಗೇ ಅಳೆದು ಅದರ ಪರಿಣಾಮವನ್ನು ಲೆಕ್ಕದಿಂದ ಕಳೆಯದಿದ್ದರೆ, ಚಳಿಗಾಲದಲ್ಲಿ ಹುಷಾರಿಲ್ಲದ ಸೇತುವೆಯೂ ಗಟ್ಟಿಮುಟ್ಟಾಗಿ ಕಂಡೀತು!

ಹುಟ್ಟುದೋಷವಿದ್ದರೆ ಇನ್ನೂ ಕಷ್ಟ: ಮೊದಲಿನಿಂದಲೂ ಇರುವ ದೋಷ ಸೆನ್ಸರ್‌ಗೆ ಬದಲಾವಣೆಯಾಗಿ ಕಾಣದು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 2007ರ ಆಗಸ್ಟ್ 1ರಂದು ಕುಸಿದು 13 ಜನರನ್ನು ಬಲಿ ತೆಗೆದುಕೊಂಡ ಸೇತುವೆಯಲ್ಲಿ, ಉಕ್ಕಿನ ತೊಲೆಗಳನ್ನು ಕೂಡಿಸುವ ಕೆಲವು ಪ್ಲೇಟುಗಳು ಬೇಕಾದದ್ದರ ಅರ್ಧದಷ್ಟೇ ದಪ್ಪವಿದ್ದವು. ಅದು ನಕ್ಷೆಯಲ್ಲೇ ಆದ ತಪ್ಪು. ಅವು ಬಾಗಿದ್ದು ವರ್ಷಗಳ ಹಿಂದಿನ ಫೋಟೊಗಳಲ್ಲಿ ಕಾಣುತ್ತದೆ. ನೋಡಿದವರು ಅದಕ್ಕೆ ಮಹತ್ವ ಕೊಡಲಿಲ್ಲ. ಆದ್ದರಿಂದ ಕಣ್ಣನ್ನೇ ನಂಬಿ ಎಂದೂ ನಾನು ಹೇಳಲಾರೆ.

ಇನ್ನು ವಾಹನಗಳು. ಅಮೆರಿಕದ ಒಹಾಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ 2023ರ ಫೆಬ್ರುವರಿ 3ರಂದು ಹಳಿ ತಪ್ಪಿದ ಗೂಡ್ಸ್ ರೈಲಿನ ಚಕ್ರದ ಬೇರಿಂಗ್ ಬಿಸಿಯಾಗುತ್ತಿದ್ದುದನ್ನು ಹಳಿಯ ಪಕ್ಕದ ಸೆನ್ಸರ್ ಗುರುತಿಸಿತ್ತು: ಹೊರಗಿನ ಗಾಳಿಗಿಂತ ಸುಮಾರು 57 ಡಿಗ್ರಿ ಸೆಲ್ಸಿಯಸ್ ಹೆಚ್ಚು. ಆದರೆ ನಿಗದಿಪಡಿಸಿದ್ದ ಎಚ್ಚರಿಕೆಯ ಮಿತಿ ಅದಕ್ಕೂ ಮೇಲಿತ್ತು. ಮುಂದಿನ ಸೆನ್ಸರ್ ಇದ್ದದ್ದು ಸುಮಾರು 30 ಕಿಲೋಮೀಟರ್ ಆಚೆ. ಅಲ್ಲಿ ವ್ಯತ್ಯಾಸ 140 ಡಿಗ್ರಿ ಮುಟ್ಟಿ ಎಚ್ಚರಿಕೆ ಮೊಳಗಿತು, ಚಾಲಕ ಬ್ರೇಕ್ ಬಿಗಿದರು, ಅಷ್ಟರಲ್ಲಿ ಹೊತ್ತು ಮೀರಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಮಿತಿಯನ್ನೂ ಅಂತರವನ್ನೂ ಗೊತ್ತುಮಾಡಿದವರು ಮನುಷ್ಯರು.

ಯಾವಾಗ ಅಳವಡಿಸಬೇಕು ಎಂಬುದಕ್ಕೆ ಉತ್ತರ ಸುಲಭ: ಸಾಧ್ಯವಿದ್ದರೆ ಕಟ್ಟುವಾಗಲೇ. ಆರೋಗ್ಯವಾಗಿದ್ದಾಗಿನ ಅಳತೆ ಕೈಯಲ್ಲಿದ್ದರೆ ಮುಂದಿನದನ್ನು ಹೋಲಿಸಬಹುದು. ಮಿನಿಯಾಪೊಲಿಸ್‌ನಲ್ಲಿ 2008ರಲ್ಲಿ ತೆರೆದ ಹೊಸ ಸೇತುವೆಗೆ 300ಕ್ಕೂ ಹೆಚ್ಚು ಸೆನ್ಸರ್‌ಗಳನ್ನು ನಿರ್ಮಾಣದ ಹಂತದಲ್ಲೇ ಕೂಡಿಸಿದರು. ಹಳೆಯ ಸೇತುವೆಗೂ ಹಾಕಬಹುದು, ಆದರೆ ಆ ಹೊತ್ತಿಗಾಗಲೇ ಇರುವ ಬಿರುಕನ್ನು ಅದು ಸಹಜಸ್ಥಿತಿ ಎಂದೇ ದಾಖಲಿಸಿಕೊಳ್ಳುತ್ತದೆ.

– ಸಂಪಾದಕ